ತೋಟ ನಮ್ಮದು, ಕಾಫಿ ಪೂಲಿನದು



1942ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ಈ ದೇಶದಲ್ಲಿ ಕಾಫಿ ಬೆಳೆದವರು ತಮ್ಮ ಕಾಫಿಯನ್ನು ತಾವೇ ಮಾರುವಂತಿರಲಿಲ್ಲ. ಮನೆಬಳಕೆಗೆ ಇಷ್ಟು, ಬಿತ್ತನೆಗೆ ಇಷ್ಟು ಎಂದು ಮಿತಿಯೊಳಗೆ ಇಟ್ಟುಕೊಂಡು ಉಳಿದದ್ದನ್ನೆಲ್ಲ ಸರ್ಕಾರದ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯೂ ಸೇರುವ ಒಂದೇ ರಾಶಿಗೆ, ಹಾಕಬೇಕಿತ್ತು. ಪರ್ಮಿಟ್ ಇಲ್ಲದೆ ಮೂಟೆ ಸಾಗಿಸಿದರೆ ಅಪರಾಧ. ಯಾರಿಗೆ ಮಾರಬೇಕು, ಯಾವಾಗ ಮಾರಬೇಕು, ಎಷ್ಟಕ್ಕೆ ಮಾರಬೇಕು, ಈ ಮೂರೂ ಬೆಂಗಳೂರಿನ ಕಚೇರಿಯಲ್ಲಿ ತೀರ್ಮಾನವಾಗುತ್ತಿದ್ದವು. ಯುದ್ಧಕಾಲಕ್ಕೆಂದು ಮಾಡಿದ ಏರ್ಪಾಡು ಯುದ್ಧ ಮುಗಿದ ಮೇಲೂ ಉಳಿಯಿತು, ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. ಅದು ಪೂರ್ತಿಯಾಗಿ ಹೋದದ್ದು 1996ರ ಸೆಪ್ಟೆಂಬರಿನಲ್ಲಿ. ಅಜ್ಜ ಪೂಲಿಗೆ ಹಾಕಿದ, ಮಗ ಪೂಲಿಗೆ ಹಾಕಿದ, ಮೊಮ್ಮಗ ತೋಟಕ್ಕೆ ಇಳಿಯುವ ಹೊತ್ತಿಗೆ ಬಿಡುಗಡೆಯಾಯಿತು.

ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಡಬೇಕೋ, ಸರ್ಕಾರ ಕೈ ಹಾಕಬೇಕೋ ಎಂಬ ವಾದ ನಡೆದಾಗಲೆಲ್ಲ ನನಗೆ ಈ ಬೆಳೆಯೇ ನೆನಪಾಗುತ್ತದೆ. ದೇಶದ ಕಾಫಿಯಲ್ಲಿ ಹತ್ತಕ್ಕೆ ಏಳು ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದು. ಅದೇ ಮಣ್ಣು, ಅದೇ ನೆರಳುಮರಗಳು, ಹೆಚ್ಚುಕಡಿಮೆ ಅದೇ ಮನೆತನಗಳು. ಅರ್ಧ ಶತಮಾನ ಸರ್ಕಾರದ ಪೂರ್ಣ ಹಿಡಿತ, ಆಮೇಲೆ ಪೂರ್ಣ ಬಿಡುಗಡೆ. ಎರಡನ್ನೂ ಕಂಡುಂಡವರು ನಮ್ಮ ನಡುವೆ ಇನ್ನೂ ಇದ್ದಾರೆ. ಪುಸ್ತಕದ ವಾದಕ್ಕಿಂತ ಅವರ ಅನುಭವ ನಮಗೆ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ನಂಬಿಕೆ.

ಮೊದಲಿಗೆ ಪೂಲಿಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡೋಣ. 1930ರ ದಶಕದಲ್ಲಿ ಜಗತ್ತಿನ ಆರ್ಥಿಕ ಕುಸಿತ ನಮ್ಮ ಮಲೆನಾಡಿನ ಬಾಗಿಲಿಗೂ ಬಂದಿತ್ತು. ಕಾಫಿಗೆ ಬೆಲೆಯಿಲ್ಲ, ಒಳನಾಡಿನಲ್ಲಿ ಕುಡಿಯುವವರು ಕಡಿಮೆ. 1935ರಲ್ಲಿ ಕಾಫಿಯ ಮೇಲೆ ಒಂದು ಸೆಸ್ ವಿಧಿಸಿ, ಆ ಹಣದಲ್ಲಿ ಪ್ರಚಾರ ಮಾಡಲು ಸಮಿತಿಯೊಂದು ಬಂತು. ಮರುವರ್ಷ ಅದೇ ಸಮಿತಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ನಮ್ಮ ಕಾಫಿ ಕೊಳ್ಳುತ್ತಿದ್ದ ಯುರೋಪಿನ ಬಂದರುಗಳು ಮುಚ್ಚಿದವು, ಹಡಗುಗಳು ಸಿಗಲಿಲ್ಲ. ಗೋದಾಮಿನಲ್ಲಿ ಮಾಲು, ಕೊಳ್ಳುವವರೇ ಇಲ್ಲ. ಆಗ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯ್ದೆ. ಎಲ್ಲರ ಕಾಫಿಯನ್ನೂ ಬೋರ್ಡ್ ಒಟ್ಟಿಗೆ ಪಡೆದು, ಕೂಡಲೇ ಸ್ವಲ್ಪ ಮುಂಗಡ ಕೊಟ್ಟು, ಮಾರಿದಂತೆಲ್ಲ ಉಳಿದದ್ದನ್ನು ಹಂಚುವ ವ್ಯವಸ್ಥೆ. ಅದಿಲ್ಲದಿದ್ದರೆ ಎಷ್ಟೋ ತೋಟಗಳು ಆ ವರ್ಷಗಳಲ್ಲಿ ಕಾಡುಬಿದ್ದು ಹೋಗುತ್ತಿದ್ದವು. ಕೊಳ್ಳುವವರೇ ಇಲ್ಲದ ಕಡೆ ಮುಕ್ತ ಮಾರುಕಟ್ಟೆ ಎಂಬ ಮಾತಿಗೆ ಅರ್ಥವಿಲ್ಲ. ಮನೆಗೆ ಬೆಂಕಿ ಬಿದ್ದಾಗ ನೀರು ಹಾಕಿದವರನ್ನು ಯಾಕೆ ಹಾಕಿದಿರಿ ಎಂದು ಕೇಳಬಾರದು. ಬೆಂಕಿ ಆರಿದ ಮೇಲೂ ಐವತ್ತು ವರ್ಷ ಹಾಕುತ್ತಲೇ ಇದ್ದರೆ ಮಾತ್ರ ಕೇಳಲೇಬೇಕು.

ಪೂಲ್ ಹೇಗೆ ನಡೆಯುತ್ತಿತ್ತು ಎಂಬುದು ಇವತ್ತಿನ ಹುಡುಗರಿಗೆ ಗೊತ್ತಿಲ್ಲ. ಕೊಯ್ಲು ಮುಗಿಸಿ, ಹಣ್ಣನ್ನು ಪಲ್ಪ್ ಮಾಡಿ ತೊಳೆದು ಪಾರ್ಚ್‌ಮೆಂಟ್ ಆಗಿಯೋ, ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೋ ಕ್ಯೂರಿಂಗ್ ವರ್ಕ್ಸಿಗೆ ಸಾಗಿಸಬೇಕು. ಅಲ್ಲಿ ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಗ್ರೇಡು ಮಾಡುತ್ತಾರೆ. ಒಂದೊಂದು ಗ್ರೇಡಿಗೂ ಇಷ್ಟು ಪಾಯಿಂಟ್ ಎಂದು ನಿಗದಿ. ನಿಮ್ಮ ಖಾತೆಗೆ ಬರುವುದು ರೂಪಾಯಿ ಅಲ್ಲ, ಪಾಯಿಂಟು. ಆ ವರ್ಷದ ಕಾಫಿಯೆಲ್ಲ ಹರಾಜಾಗಿ, ಖರ್ಚು ಕಳೆದು, ಪಾಯಿಂಟಿಗೆ ಇಷ್ಟು ಎಂದು ಲೆಕ್ಕ ಕೂಡಿದ ಹಾಗೆ ಹಣ ಕಂತುಕಂತಾಗಿ ಬರುತ್ತದೆ.

ಹಳೆಯ ತೋಟದ ಮನೆಗಳಲ್ಲಿ ಆ ಕಾಲದ ಲೆಕ್ಕದ ಪುಸ್ತಕಗಳು ಈಗಲೂ ಸಿಗುತ್ತವೆ. ರಟ್ಟು ಹರಿದ ಅಂಥ ಪುಸ್ತಕವೊಂದನ್ನು ನಾನು ಹಾಳೆ ಹಾಳೆಯಾಗಿ ನೋಡಿದ್ದೇನೆ. ಎಡಬದಿಯಲ್ಲಿ ಖರ್ಚು: ಕುಯ್ಲಿನ ಆಳುಗಳ ಬಟವಾಡೆ, ಗೊಬ್ಬರ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ, ಮರಗಸಿ ಮಾಡಿದವರ ಕೂಲಿ. ಒಂದೊಂದು ವಾರಕ್ಕೂ ತಾರೀಖಿದೆ, ಒಂದೂ ತಪ್ಪಿಲ್ಲ. ಬಲಬದಿಯಲ್ಲಿ ಜಮೆ. ಅಲ್ಲಿ ಮುಂಗಡವೆಂದು ಒಂದು ಮೊತ್ತ, ಆಮೇಲೆ ಬಹಳ ದೂರ ಖಾಲಿ. ಮುಂದಿನ ವರ್ಷದ ಖರ್ಚಿನ ನಡುವೆ ಎಲ್ಲೋ ಒಂದು ಕಡೆ ಹಿಂದಿನ ಬೆಳೆಯ ಕಂತು. ಅದಕ್ಕೂ ಮುಂದೆ, ಮತ್ತೊಂದು ಕೊಯ್ಲು ಕೂಡ ಮುಗಿದ ಮೇಲೆ, ಅದೇ ಹಳೆಯ ಬೆಳೆಯ ಇನ್ನೊಂದು ಕಂತು. ಖರ್ಚು ವಾರವಾರಕ್ಕೆ, ಆದಾಯ ಬೋರ್ಡಿಗೆ ಅನುಕೂಲವಾದಾಗ. ಈ ಎರಡರ ನಡುವಿನ ಅಂತರವನ್ನು ತುಂಬಿದವರು ಯಾರು ಎಂಬುದೂ ಪುಸ್ತಕದಲ್ಲೇ ಇದೆ: ಪಟ್ಟಣದ ಸಾಹುಕಾರರ ಹೆಸರು, ಅದರ ಮುಂದೆ ಬಡ್ಡಿ. ಬೆಳೆಗಾರನನ್ನು ವ್ಯಾಪಾರಿಯಿಂದ ಕಾಪಾಡಲು ಬಂದ ವ್ಯವಸ್ಥೆ ಅವನನ್ನು ಬಡ್ಡಿಯವರ ಬಾಗಿಲಿಗೆ ನಿಲ್ಲಿಸಿತು. ಬೋರ್ಡಿನಲ್ಲಿ ಕೂತವರು ಕೆಟ್ಟವರಾಗಿದ್ದರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಬಹಳ ಮಂದಿ ಪ್ರಾಮಾಣಿಕರು, ತೋಟದವರ ಕಷ್ಟ ಬಲ್ಲವರು. ಒಬ್ಬನೇ ಕೊಳ್ಳುವವನಿದ್ದು, ಮಾರುವವನಿಗೆ ಬೇರೆ ಬಾಗಿಲೇ ಇಲ್ಲದಿದ್ದರೆ, ಒಳ್ಳೆಯವರ ಕೈಯಲ್ಲಿದ್ದರೂ ಹಣ ತಡವಾಗುತ್ತದೆ. ಬೇಗ ಕೊಡಲೇಬೇಕು ಎಂಬ ಒತ್ತಡ ಅವರ ಮೇಲೆ ಎಲ್ಲಿಂದ ಬರಬೇಕು?

ತಡವಾದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಾಬಾಬುಡನ್‌ಗಿರಿಯ ಎತ್ತರದಲ್ಲಿ ನಿಧಾನವಾಗಿ ಮಾಗಿದ ಅರೇಬಿಕಾವನ್ನು ಒಬ್ಬಾತ ಕೆಂಪು ಹಣ್ಣನ್ನಷ್ಟೇ ಆರಿಸಿ, ಮೂರು ನಾಲ್ಕು ಸಲ ಕೈಕುಯ್ಲು ಮಾಡಿಸಿ, ಅಂದೇ ಪಲ್ಪ್ ಮಾಡಿ, ನೆರಳಿನಲ್ಲಿ ಒಣಗಿಸುತ್ತಾನೆ ಅಂತಿಟ್ಟುಕೊಳ್ಳಿ. ಪಕ್ಕದವನು ಹಸಿರು, ಕೆಂಪು, ಕಪ್ಪು ಎಲ್ಲವನ್ನೂ ಒಂದೇ ಸಲ ಸವರಿ ಚೀಲಕ್ಕೆ ತುಂಬುತ್ತಾನೆ. ಕಾಳಿನ ಗಾತ್ರ ನೋಡಿ ಗ್ರೇಡು ಆಗುತ್ತದೆ, ಇಬ್ಬರಿಗೂ ಪಾಯಿಂಟು ಬೀಳುತ್ತದೆ, ಇಬ್ಬರ ಕಾಫಿಯೂ ಒಂದೇ ರಾಶಿಗೆ ಸೇರುತ್ತದೆ. ಬಟ್ಟಲಿನಲ್ಲಿ ಬರುವ ರುಚಿಗೆ ಕಾಸು ಇಲ್ಲ. ಆ ರಾಶಿಯನ್ನು ಕೊಂಡ ವಿದೇಶಿ ವ್ಯಾಪಾರಿಗೆ ಇದು ಯಾವ ಬೆಟ್ಟದ್ದು, ಯಾವ ತೋಟದ್ದು ಎಂದು ಗೊತ್ತಾಗುವ ದಾರಿ ಇಲ್ಲ. ಕುಡಿದವನು ಮೆಚ್ಚಿದರೆ ಆ ಮೆಚ್ಚುಗೆ ಬೆಳೆದವನಿಗೆ ತಲುಪುವ ದಾರಿಯೂ ಇಲ್ಲ. ಹೀಗಿರುವಾಗ ಹೆಚ್ಚು ಕೂಲಿ ಕೊಟ್ಟು ಕೆಂಪು ಹಣ್ಣು ಆರಿಸುವವನನ್ನು ಊರವರು ಏನೆಂದಾರು? ಎರಡು ತಲೆಮಾರು ಹೀಗೆ ಕಳೆದರೆ ಆರಿಸುವ ಅಭ್ಯಾಸವೇ ಹೋಗಿಬಿಡುತ್ತದೆ.

ಕಾಕತಾಳೀಯವೋ ಏನೋ, ನಮ್ಮ ಕಾಫಿ ಕಾಯ್ದೆ ಬಂದ ಮೂರು ವರ್ಷಕ್ಕೆ, 1945ರಲ್ಲಿ, ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಾಯೆಕ್ ಒಂದು ಪ್ರಬಂಧ ಬರೆದರು. ಸಮಾಜದಲ್ಲಿ ಜ್ಞಾನ ಹೇಗೆ ಬಳಕೆಯಾಗುತ್ತದೆ ಎಂಬುದು ಅದರ ವಿಷಯ. ಸಾವಿರಾರು ಜನರ ತಲೆಯಲ್ಲಿ ಚೂರುಚೂರಾಗಿ ಹಂಚಿಹೋಗಿರುವ ತಿಳಿವಳಿಕೆಯನ್ನು ಯಾವ ಕಚೇರಿಯೂ ಒಂದೆಡೆ ಕೂಡಿಹಾಕಲಾರದು, ಬೆಲೆ ಮಾತ್ರ ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ ಎಂಬುದು ಅವರ ವಾದದ ತಿರುಳು. ಹಾಯೆಕ್ ಹೇಳಿದ್ದನ್ನೆಲ್ಲ ಒಪ್ಪಬೇಕೆಂದಿಲ್ಲ. ನಾನೂ ಎಲ್ಲವನ್ನೂ ಒಪ್ಪುವುದಿಲ್ಲ. ಆದರೆ ಈ ಒಂದು ಮಾತನ್ನು ಮಲೆನಾಡಿನ ಯಾವ ಬೆಳೆಗಾರನಾದರೂ ಪುಸ್ತಕ ಓದದೆ ವಿವರಿಸಬಲ್ಲ. ಬೆಲೆ ಎಂದರೆ ಹಣ ಮಾತ್ರವಲ್ಲ, ಅದು ಸುದ್ದಿ. ಪೂಲ್ ಆ ಸುದ್ದಿಯನ್ನು ಐವತ್ತು ವರ್ಷ ತಡೆದು ನಿಲ್ಲಿಸಿತು.

1988ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪಾದ ಮೊಕದ್ದಮೆಯೊಂದು ಈ ವ್ಯವಸ್ಥೆಯ ಗಂಟನ್ನು ಬಿಚ್ಚಿ ತೋರಿಸುತ್ತದೆ. ಬೋರ್ಡ್ ಬೆಳೆಗಾರರಿಂದ ಕಾಫಿ ಪಡೆಯುವುದು ಖರೀದಿ, ಆದ್ದರಿಂದ ಖರೀದಿ ತೆರಿಗೆ ಕೊಡಬೇಕು ಎಂದು ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಕೇಳಿತು. ಇದು ಕಾನೂನಿನ ಬಲದಿಂದ ಕಡ್ಡಾಯವಾಗಿ ಒಪ್ಪಿಸುವುದು, ಕೊಡುಕೊಳ್ಳುವ ವ್ಯವಹಾರವೇ ಅಲ್ಲ ಎಂದು ಬೋರ್ಡ್ ವಾದಿಸಿತು. ಕಟ್ಟುಪಾಡು ಎಷ್ಟೇ ಬಿಗಿಯಾಗಿದ್ದರೂ ಇದರಲ್ಲಿ ಒಪ್ಪಂದದ ಅಂಶ ಉಳಿದಿದೆ, ಆದ್ದರಿಂದ ಇದು ಮಾರಾಟವೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಕಾನೂನಿನ ಕಣ್ಣಿನಲ್ಲಿ ತೀರ್ಪು ಸರಿಯೇ ಇರಬಹುದು. ಆದರೆ ಗಮನಿಸಿ: ಬೆಳೆಗಾರನಿಗೆ ಮಾರುವ ಸ್ವಾತಂತ್ರ್ಯ ಇಲ್ಲವೆಂದು ಸ್ವತಃ ಬೋರ್ಡೇ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ನಿಂತು ಹೇಳಿಕೊಂಡಿತು. ಮಾರುವ ಸ್ವಾತಂತ್ರ್ಯವಿಲ್ಲ, ಮಾರಾಟದ ಮೇಲಿನ ತೆರಿಗೆ ಮಾತ್ರ ಇದೆ. ಆ ತೆರಿಗೆಯ ಹೊರೆಯೂ ಕೊನೆಗೆ ಪೂಲಿನ ಹಣದ ಮೇಲೆಯೇ ಬೀಳಬೇಕು.

ಪೂಲಿನ ಕಾಲದಲ್ಲಿ ಕಾಫಿ ಬೆಳೆ ಹೆಚ್ಚಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಹೆಚ್ಚಾಯಿತು, ಬಹಳ ಹೆಚ್ಚಾಯಿತು. 1950ರ ಸುಮಾರಿಗೆ ದೇಶದ ಬೆಳೆ 20 ಸಾವಿರ ಟನ್ನಿಗೂ ಕಡಿಮೆ. 1990ರ ಹೊತ್ತಿಗೆ ಒಂದೂವರೆ ಲಕ್ಷ ಟನ್ ದಾಟಿತ್ತು. ಈ ಏರಿಕೆಯ ಹಿಂದೆ ಬೋರ್ಡಿನ ಸಾಲವಿದೆ, ಅದಕ್ಕಿಂತ ಹೆಚ್ಚಾಗಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವಿದೆ. 1925ರಲ್ಲಿ ಮೈಸೂರು ಸಂಸ್ಥಾನ ಕಟ್ಟಿದ ಪ್ರಯೋಗ ಕೇಂದ್ರ ಅದು. ಬಂದ ಹೊತ್ತಿನಲ್ಲಿ ಎಲೆತುಕ್ಕು ರೋಗ ತಡೆಯುತ್ತಿದ್ದ, ಒಳ್ಳೆಯ ರುಚಿಯೂ ಇರುವ ಎಸ್. 795 ತಳಿ ಅಲ್ಲಿಂದ ಬಂತು. ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಅದರದೇ ದೊಡ್ಡ ಪಾಲು. ಇದನ್ನು ಯಾವ ಖಾಸಗಿ ವ್ಯಾಪಾರಿಯೂ ಮಾಡುತ್ತಿರಲಿಲ್ಲ. ಬೀಜ ಒಮ್ಮೆ ಹೊರಬಿದ್ದರೆ ಯಾರ ತೋಟದಲ್ಲಾದರೂ ಮೊಳೆಯುತ್ತದೆ, ಅವನಿಗೆ ಅದರಿಂದ ಏನು ಬಂತು? ಹಾಗಾಗಿ ನನ್ನ ಮಾತು ಸರ್ಕಾರ ಬೇಡ ಎಂದಲ್ಲ. ಒಂದೇ ಬೋರ್ಡಿನ ಎರಡು ಕೈ ಇವು. ಗಿಡಕ್ಕೆ ಔಷಧ ಹುಡುಕಿದ ಕೈ ನಮ್ಮನ್ನು ಬದುಕಿಸಿತು. ಮೂಟೆಯ ಮೇಲೆ ಬಿದ್ದ ಕೈ ನಮ್ಮನ್ನು ಕಟ್ಟಿಹಾಕಿತು.

ಬೆಳೆದ ಕಾಫಿ ಎಲ್ಲಿಗೆ ಹೋಗುತ್ತಿತ್ತು? 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಗಿತ್ತು. ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು ಕೋಟ. ಅದರಾಚೆಗೆ ನಮ್ಮ ಬಹುದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ, ರೂಪಾಯಿಯಲ್ಲೇ ವ್ಯವಹಾರ. ನಮ್ಮಲ್ಲಿ ಕೊಳ್ಳುವುದು ಸರ್ಕಾರ, ಅಲ್ಲಿಯೂ ಕೊನೆಗೆ ಕೊಳ್ಳುವುದು ಸರ್ಕಾರ. ರುಚಿ ನೋಡಿ ತಿರಸ್ಕರಿಸುವವರು ಆ ದಾರಿಯಲ್ಲಿ ಯಾರೂ ಸಿಗುವುದಿಲ್ಲ. ಆ ದಿನಗಳಲ್ಲಿ ಒಂದು ನೆಮ್ಮದಿಯಿತ್ತು ಎನ್ನುವ ಹಿರಿಯರನ್ನು ನಾನು ಬಲ್ಲೆ. ಬೆಲೆ ಒಮ್ಮೆಲೇ ಬೀಳುತ್ತಿರಲಿಲ್ಲ, ರಾತ್ರಿ ನಿದ್ದೆ ಬರುತ್ತಿತ್ತು ಎನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಆ ನೆಮ್ಮದಿ ಹೊರಗಿನ ಎರಡು ಕಂಬಗಳ ಮೇಲೆ ನಿಂತಿತ್ತು. 1989ರ ಜುಲೈನಲ್ಲಿ ಒಪ್ಪಂದದ ಕೋಟಗಳು ರದ್ದಾದವು; ಜಗತ್ತಿನ ಬೆಲೆ ಕೆಲವೇ ತಿಂಗಳಲ್ಲಿ ಅರ್ಧದ ಹತ್ತಿರಕ್ಕೆ ಇಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂಲ್ ಇನ್ನೂ ಇತ್ತು, ಆದರೆ ಕಾಪಾಡುವ ಶಕ್ತಿ ಅದಕ್ಕಿರಲಿಲ್ಲ.

ಸರ್ಕಾರದ ಹಿಡಿತ ಹೇಗೆ ಬೆಳೆಯುತ್ತದೆ ಎಂದು ಎಚ್ಚರಿಸಿದವರು ಮೊದಲೇ ಇರಲಿಲ್ಲವೆಂದಲ್ಲ. ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿದ ಬಿ.ಆರ್. ಶೆಣೈ ಎರಡನೆಯ ಪಂಚವಾರ್ಷಿಕ ಯೋಜನೆಗೆ ಸಲಹೆ ನೀಡುವ ಅರ್ಥಶಾಸ್ತ್ರಜ್ಞರ ಸಮಿತಿಯಲ್ಲಿ 1955ರಲ್ಲಿ ಭಿನ್ನಮತದ ಟಿಪ್ಪಣಿ ಬರೆದರು. ಉಳಿದವರೆಲ್ಲ ಒಂದು ಕಡೆ, ಅವರೊಬ್ಬರೇ ಇನ್ನೊಂದು ಕಡೆ. ಖೋತಾ ಬಜೆಟ್ಟಿನ ಹಣದಲ್ಲಿ ಯೋಜನೆ ನಡೆಸಿದರೆ ಬೆಲೆ ಏರುತ್ತದೆ, ಏರಿದ ಬೆಲೆಯನ್ನು ಹಿಡಿದಿಡಲು ನಿಯಂತ್ರಣದ ಮೇಲೆ ನಿಯಂತ್ರಣ ಬರುತ್ತದೆ ಎಂದರು. ನಮ್ಮ ನಾಡಿನವರೇ ಆದ ಈ ದಿಟ್ಟ ಮನುಷ್ಯನ ಹೆಸರು ನಮ್ಮ ಕಾಲೇಜುಗಳಲ್ಲಿ ಕೇಳಿಬರುವುದೇ ಅಪರೂಪ. ಅದು ನನಗೆ ಬೇಸರದ ಸಂಗತಿ.

1990ರ ದಶಕದ ಆರಂಭದಲ್ಲಿ ಗಂಟು ಒಂದೊಂದಾಗಿ ಸಡಿಲವಾಯಿತು. ಮೊದಲು ಬೆಳೆಯ ಶೇ. 30ರಷ್ಟನ್ನು ದೇಶದೊಳಗೆ ಮಾರಿಕೊಳ್ಳಬಹುದೆಂದಾಯಿತು. ಆಮೇಲೆ ಫ್ರೀ ಸೇಲ್ ಕೋಟ ಬಂತು; ದೊಡ್ಡವರಿಗೆ ಶೇ. 70, ಸಣ್ಣ ಬೆಳೆಗಾರರಿಗೆ ಪೂರ್ತಿ. ಇದೇ ಹೊತ್ತಿಗೆ, 1994ರ ಜೂನ್ ಜುಲೈಯಲ್ಲಿ, ಬ್ರೆಜಿಲ್ ದೇಶದ ಕಾಫಿ ಸೀಮೆಯಲ್ಲಿ ಎರಡು ಸಲ ಹಿಮ ಬಿತ್ತು. ಜಗತ್ತಿನ ಬೆಲೆ ವಾರಗಳಲ್ಲಿ ದುಪ್ಪಟ್ಟಾಯಿತು. ಮೂಟೆ ಕೊಟ್ಟು ಅಲ್ಲೇ ಹಣ ಎಣಿಸಿಕೊಂಡ ಅನುಭವ ನಮ್ಮ ಜನಕ್ಕೆ ಅದೇ ಮೊದಲು. ಮಕ್ಕಳ ಮದುವೆಗಳಾದವು, ಹಂಚಿನ ಮನೆಗಳ ಪಕ್ಕ ಆರ್‌ಸಿಸಿ ಮನೆಗಳೆದ್ದವು, ಗದ್ದೆಗಳಲ್ಲಿ ಕೂಡ ಕಾಫಿ ಗಿಡ ನೆಟ್ಟರು. ಮುಕ್ತ ಮಾರುಕಟ್ಟೆ ಎಂದರೆ ಏರಿದ ಬೆಲೆ ಎಂದು ಊರಿಗೆ ಊರೇ ನಂಬಿತು. ಬೆಲೆ ಏರಿಸಿದ್ದು ಬ್ರೆಜಿಲ್ಲಿನ ಹಿಮ. ಬಿಡುಗಡೆ ಮಾಡಿದ್ದು ಆ ಬೆಲೆ ನಮ್ಮ ಕೈಗೆ ಬರುವಂತೆ ದಾರಿ ತೆರೆದದ್ದಷ್ಟೆ. ಈ ವ್ಯತ್ಯಾಸವನ್ನು ನಮಗೆ ಯಾರೂ ಬಿಡಿಸಿ ಹೇಳಲಿಲ್ಲ.

ತೆರೆದ ದಾರಿಯಲ್ಲಿ ಕೆಟ್ಟ ಬೆಲೆಯೂ ಬರುತ್ತದೆ. ವಿಯೆಟ್ನಾಂ ಹತ್ತು ವರ್ಷದೊಳಗೆ ಎಲ್ಲೋ ಇದ್ದದ್ದು ಬ್ರೆಜಿಲ್ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಕಾಫಿ ದೇಶವಾಯಿತು. 2001ರಲ್ಲಿ ಕಾಫಿ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಕುಯ್ಲಿನ ಕೂಲಿಯೂ ಹುಟ್ಟದ ಸ್ಥಿತಿ. ಸಾಲ ಮಾಡಿ ಗದ್ದೆ ತೋಟ ಮಾಡಿದವರು ಮುಳುಗಿದರು. ಆಗ ಸಭೆಗಳಲ್ಲಿ, ಪೂಲ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಮಾತು ಕೇಳಿಬಂತು. ನಾನು ಅದನ್ನು ಒಪ್ಪುವುದಿಲ್ಲ. ಜಗತ್ತಿಗೆ ಬೇಡವಾದಷ್ಟು ಕಾಫಿ ಇದ್ದಾಗ ಪೂಲ್ ಅದನ್ನು ಯಾರಿಗೆ ಮಾರುತ್ತಿತ್ತು? 1989ರ ಕುಸಿತ ಪೂಲ್ ಇದ್ದಾಗಲೇ ಆಯಿತಲ್ಲ.

ಆದರೆ ಆ ಸಭೆಗಳ ಅಳಲಿನಲ್ಲಿ ಒಂದು ಸತ್ಯವಿತ್ತು, ಅದನ್ನು ಮುಕ್ತ ಮಾರುಕಟ್ಟೆಯ ಪರ ಇರುವವರು ಕೇಳಿಸಿಕೊಳ್ಳಲೇಬೇಕು. ಐವತ್ತು ವರ್ಷ ಮಾರಾಟವನ್ನೇ ಮಾಡದವನನ್ನು ಒಂದು ದಿನ ಪೇಟೆಗೆ ತಂದು ನಿಲ್ಲಿಸಿ, ಇನ್ನು ನೀನುಂಟು ಲೋಕವುಂಟು ಎಂದರೆ ಅವನು ಏನು ಮಾಡಬೇಕು? ಕಾದು ಮಾರಲು ಗೋದಾಮಿಲ್ಲ. ಲಂಡನ್ನಿನಲ್ಲಿ ರೊಬಸ್ಟಾ, ನ್ಯೂಯಾರ್ಕಿನಲ್ಲಿ ಅರೇಬಿಕಾ ಇವತ್ತು ಎಷ್ಟಿದೆ ಎಂದು ತಿಳಿಯುವ ದಾರಿಯಿಲ್ಲ. ವ್ಯಾಪಾರಿಗಳಿಗೆ ಅದು ಗೊತ್ತಿತ್ತು. ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟವಿರುವವರೇ ನಮ್ಮ ಬೆಳೆಗಾರರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು. ಹಿಡಿತ ಬಿಡುವ ಮುಂಚೆ ಅವರನ್ನು ಸಜ್ಜುಗೊಳಿಸುವ ಕೆಲಸ ಸರ್ಕಾರದ್ದಾಗಿತ್ತು. ಅದು ಆಗಲಿಲ್ಲ. ಬೆಲೆ ಬಿದ್ದ ಮೇಲೆ 2002ರಲ್ಲಿ ವಿಶೇಷ ಅವಧಿ ಸಾಲ, 2010ರಲ್ಲಿ ಸಾಲ ಪರಿಹಾರದ ಪ್ಯಾಕೇಜು ಬಂದವು. ಹಳೆಯ ಸಾಲ ಹೊಸ ಹೆಸರಿನಲ್ಲಿ ಮುಂದಕ್ಕೆ ಹೋಯಿತು.

ಸ್ವತಂತ್ರವಾದ ಮಾರುಕಟ್ಟೆ ಅಂದರೇನು ಎಂದು ಹತ್ತಿರದಿಂದ ನೋಡಬೇಕಾದರೆ ಫೆಬ್ರವರಿ ಮಾರ್ಚಿನಲ್ಲಿ ಯಾವುದಾದರೂ ಹೋಬಳಿ ಪೇಟೆಯ ಕಾಫಿ ಮಂಡಿಗೆ ಹೋಗಿ ಅರ್ಧ ಗಂಟೆ ನಿಲ್ಲಿ. ರೊಬಸ್ಟಾ ಚೆರ್ರಿಯನ್ನು 50 ಕೆಜಿ ಚೀಲದ ಲೆಕ್ಕದಲ್ಲಿ ತರುತ್ತಾರೆ. ಬೆಲೆ ನಿಲ್ಲುವುದು ಔಟ್‌ಟರ್ನಿನ ಮೇಲೆ, ಅಂದರೆ ಒಂದು ಚೀಲ ಚೆರ್ರಿಗೆ ಸಿಪ್ಪೆ ಬಿಡಿಸಿದ ಬೀಜ ಎಷ್ಟು ಕೆಜಿ ಬರುತ್ತದೆ ಎಂಬುದರ ಮೇಲೆ. ಚೀಲಗಳಿಂದ ಒಂದಿಷ್ಟು ಮಾದರಿ ತೆಗೆಯುತ್ತಾರೆ, ತೇವಾಂಶದ ಯಂತ್ರಕ್ಕೆ ಹಾಕುತ್ತಾರೆ, ಸಿಪ್ಪೆ ಬಿಡಿಸಿ ಸಣ್ಣ ತಕ್ಕಡಿಯಲ್ಲಿ ಬೀಜ ತೂಗುತ್ತಾರೆ.

“ಔಟ್‌ಟರ್ನ್ ಇಪ್ಪತ್ತಾರು ಬಿತ್ತು ಗೌಡ್ರೇ.”

“ಹೋದ ವರ್ಷ ಇದೇ ತೋಟದ್ದು ಇಪ್ಪತ್ತೆಂಟು ಬಂದಿತ್ತಲ್ಲ ಸಾಹುಕಾರ್ರೇ?”

“ಈ ಸಲ ಒಣಗಿದ್ದು ಸಾಲ್ದು. ನೀವೇ ನೋಡಿ.”

ಗೌಡರು ನೋಡುತ್ತಾರೆ. ಯಂತ್ರ ವ್ಯಾಪಾರಿಯದು, ತಕ್ಕಡಿಯೂ ಅವನದು. ಬಾಡಿಗೆ ಪಿಕಪ್ ಹೊರಗೆ ನಿಂತಿದೆ. ಚೀಲ ವಾಪಸ್ ಹೇರಿಕೊಂಡು ಇನ್ನೊಂದು ಮಂಡಿಗೆ ಹೋದರೆ ಬಾಡಿಗೆ ಏರುತ್ತದೆ. ಕೆಜಿಗೆ 200 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ, ಎರಡು ಔಟ್‌ಟರ್ನ್ ವ್ಯತ್ಯಾಸಕ್ಕೆ ಚೀಲಕ್ಕೆ 400 ರೂಪಾಯಿ. ನೂರು ಚೀಲಕ್ಕೆ 40 ಸಾವಿರ. ವ್ಯಾಪಾರಿ ಹೇಳಿದ್ದು ನಿಜವೇ ಇರಬಹುದು, ಈ ಸಲ ಮಂಜು ಹೆಚ್ಚಾಗಿ ಒಣಗಿದ್ದು ಸಾಲದೇ ಇರಬಹುದು. ಆದರೆ ಅದನ್ನು ಇಬ್ಬರೂ ನಂಬುವ ಮೂರನೆಯವರು ಹೇಳಬೇಕು. ಸರ್ಕಾರ ನಿಲ್ಲಬೇಕಾದ ಜಾಗ ಇದು. ಪ್ರತಿ ಹೋಬಳಿಯಲ್ಲಿ ಬೋರ್ಡಿನ ಮುದ್ರೆಯಿರುವ ಒಂದು ತೇವಾಂಶ ಯಂತ್ರ, ಔಟ್‌ಟರ್ನ್ ನೋಡಿ ಚೀಟಿ ಬರೆದುಕೊಡುವ ಒಬ್ಬ ನೌಕರ. ಕಾಫಿಯನ್ನು ಅವನು ಕೊಳ್ಳಬೇಕಾಗಿಲ್ಲ, ಬೆಲೆ ಕಟ್ಟಬೇಕಾಗಿಲ್ಲ. ಚೀಟಿ ಕೈಯಲ್ಲಿದ್ದರೆ ಗೌಡರು ನಾಲ್ಕು ಮಂಡಿಗಳಿಗೆ ಫೋನು ಮಾಡಿ ವ್ಯಾಪಾರ ಕುದುರಿಸಬಲ್ಲರು. ಪೂಲ್ ನಡೆಸಲು ಬೇಕಾಗಿದ್ದ ಖರ್ಚಿನ ಒಂದು ಸಣ್ಣ ಭಾಗ ಇದಕ್ಕೆ ಸಾಕು.

ಬಿಡುಗಡೆಯಿಂದ ಬಂದ ಒಳ್ಳೆಯದನ್ನೂ ಹೇಳಬೇಕು. ಪೂಲ್ ಪೂರ್ತಿ ಹೋದ ವರ್ಷವೇ, 1996ರಲ್ಲಿ, ಚಿಕ್ಕಮಗಳೂರಿನ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ತೋಟದ ಮಗ ತನ್ನ ಕಾಫಿಯನ್ನು ತಾನೇ ಹುರಿದು, ಪುಡಿ ಮಾಡಿ, ಲೋಟದಲ್ಲಿ ಮಾರುವುದು ಅದಕ್ಕಿಂತ ಹತ್ತು ವರ್ಷ ಮುಂಚೆ ಯೋಚಿಸಲೂ ಆಗದ ಮಾತು. ಆ ಉದ್ಯಮದ ಸಾಲ, 2019ರಲ್ಲಿ ಅವರ ದಾರುಣ ಸಾವು, ಎಲ್ಲವೂ ನಮಗೆ ಗೊತ್ತಿದೆ. ಆದರೆ ಅವರು ತೋರಿಸಿದ ದಾರಿಯಲ್ಲಿ ಇವತ್ತು ನೂರಾರು ಸಣ್ಣ ತೋಟದವರು ತಮ್ಮ ಹೆಸರಿನ ಚೀಟಿ ಅಂಟಿಸಿ ಕಾಫಿ ಮಾರುತ್ತಿದ್ದಾರೆ. ಅದಕ್ಕೂ ಮುಂಚೆ ಇನ್ನೊಂದು ಬಿಡುಗಡೆಯ ಕಥೆಯಿದೆ. 1957ರಲ್ಲಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಸಹಕಾರ ಸಂಘಗಳನ್ನು ಕಟ್ಟಿದರು. ಮೊದಲ ಸಂಘ ಹುಟ್ಟಿದ್ದು ಆ ವರ್ಷದ ಆಗಸ್ಟಿನಲ್ಲಿ, ಬೆಂಗಳೂರಿನಲ್ಲಿ. ಆ ನೌಕರರು ಸರ್ಕಾರದ ಕೈಯಿಂದ ಬಿದ್ದ ಅಂಗಡಿಗಳನ್ನು ಎತ್ತಿ ನಡೆಸಿದರು. ಮಾರುಕಟ್ಟೆ ಎಂದೊಡನೆ ದೊಡ್ಡ ಬಂಡವಾಳಗಾರರಷ್ಟೇ ಕಣ್ಣಿಗೆ ಬರುವವರು ಆ ಬಿಳಿ ಪೇಟದ ನೌಕರರನ್ನೂ ನೆನೆಯಬೇಕು.

ಈಗ ನಮ್ಮವರ ಕಡೆಗೇ ಒಂದು ಮಾತು. ಕಾಫಿಗೆ ಸ್ವಾತಂತ್ರ್ಯ ಕೇಳಿದ ನಾವೇ ಕಾಳುಮೆಣಸಿನ ವಿಷಯದಲ್ಲಿ ಸರ್ಕಾರದ ಕೈ ಹಿಡಿದೆಳೆದೆವು. ಶ್ರೀಲಂಕಾ ದಾರಿಯಾಗಿ ವಿಯೆಟ್ನಾಂ ಮೆಣಸು ಬರುತ್ತಿದೆ, ತಡೆಯಿರಿ ಎಂದೆವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕೆಜಿಗೆ ಕನಿಷ್ಠ 500 ರೂಪಾಯಿ ಬೆಲೆ ಗೊತ್ತುಮಾಡಿತು. ಮರುವರ್ಷ ಅದಕ್ಕಿಂತ ಕಡಿಮೆಯದನ್ನು ನಿಷೇಧಿಸಿಯೇಬಿಟ್ಟಿತು. ನಮ್ಮ ಪೇಟೆಯಲ್ಲಿ ಬೆಲೆ 500ಕ್ಕೆ ನಿಲ್ಲಲಿಲ್ಲ, ಮುಂದಿನ ವರ್ಷಗಳಲ್ಲಿ 400ಕ್ಕಿಂತಲೂ ಕೆಳಗೆ ಹೋಯಿತು. ಕಾಗದದಲ್ಲಿ 500 ಬರೆಸಿಕೊಂಡು ಮಾಲು ಬರುತ್ತಿದೆ, ಮರುರಫ್ತಿನ ವಿನಾಯಿತಿಯಲ್ಲಿ ಬಂದದ್ದು ಒಳಗೇ ಉಳಿಯುತ್ತಿದೆ ಎಂಬ ದೂರು ಬೆಳೆಗಾರರಿಂದಲೇ ಬಂತು. ಬೆಲೆಯನ್ನು ಆಜ್ಞೆಯಿಂದ ಹಿಡಿಯಲು ಹೊರಟರೆ ಮಾಲು ಬೇರೆ ದಾರಿ ಹುಡುಕುತ್ತದೆ. ಪೂಲಿನಿಂದ ನೊಂದ ನಮಗೆ ಇದು ಬೇರೆಯವರಿಗಿಂತ ಮೊದಲು ಹೊಳೆಯಬೇಕಿತ್ತು.

ಈಚೆಗೆ ಕಾಫಿಗೆ ಮತ್ತೆ ಒಳ್ಳೆಯ ಕಾಲ ಬಂದಿತ್ತು. 2024ರಲ್ಲಿ ಲಂಡನ್ನಿನ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಬ್ರೆಜಿಲ್, ವಿಯೆಟ್ನಾಂ ಎರಡರಲ್ಲೂ ಬರ ಬಂದಿತ್ತು. ಇಂಥ ಬೆಲೆ ಉಳಿಯುವುದಿಲ್ಲ. 1994 ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಬೆಲೆ ಬಿದ್ದ ದಿನ ಏನು ಕೇಳಬೇಕೆಂದು ಇವತ್ತೇ ಯೋಚಿಸಬೇಕು. ಸರ್ಕಾರ ಕೊಳ್ಳಲಿ, ಬೆಂಬಲ ಬೆಲೆ ಕೊಡಲಿ ಎಂದು ಕೇಳುವವರು ಆಗ ಖಂಡಿತ ಏಳುತ್ತಾರೆ. ನಾನು ಕೇಳುವುದು ಬೇರೆ.

ಮೊದಲನೆಯದು, ತೋಟದ ನಕ್ಷೆ. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಒಂದೊಂದು ತೋಟವೂ ಭೂಪಟದಲ್ಲಿ ಎಲ್ಲಿದೆ ಎಂದು ಗುರುತು ತೋರಿಸಬೇಕು. ಜಾರಿಯ ದಿನ ಮುಂದಕ್ಕೆ ಹೋಗುತ್ತಿದೆ, ಆದರೆ ಕಾನೂನು ಹೋಗಿಲ್ಲ. ಮರದ ನೆರಳಿನಲ್ಲೇ ಕಾಫಿ ಬೆಳೆಯುವ ನಮಗೆ ಇದು ಅನುಕೂಲವಾಗಬೇಕು. ಆದರೆ ಎರಡು ಎಕರೆಯವನು, ಜಂಟಿ ಪಹಣಿಯಲ್ಲಿ ಅಜ್ಜನ ಹೆಸರು ಇನ್ನೂ ಇರುವವನು, ಆ ಗುರುತು ಹೇಗೆ ತೋರಿಸಬೇಕು? ಪೋಡಿ ಮಾಡಿ ಕೊಡುವುದು, ನಕ್ಷೆ ಹಾಕಿಕೊಡುವುದು ಸರ್ಕಾರದಿಂದಲೇ ಆಗಬೇಕಾದ ಕೆಲಸ. ತಾಲ್ಲೂಕು ಕಚೇರಿಯಲ್ಲಿ ಅದಕ್ಕೆ ವರ್ಷಗಟ್ಟಲೆ ಕಾಯುವ ಸ್ಥಿತಿ ಇದ್ದರೆ, ದೊಡ್ಡ ತೋಟದವರ ಕಾಫಿ ಯುರೋಪಿಗೆ ಹೋಗುತ್ತದೆ, ಸಣ್ಣವರದ್ದು ಕಡಿಮೆ ಬೆಲೆಗೆ ಇಲ್ಲೇ ಉಳಿಯುತ್ತದೆ.

ಇನ್ನೊಂದು, ಬೋರರ್. ಬಿಳಿ ಕಾಂಡಕೊರಕ ಹುಳು ಅರೇಬಿಕಾ ಗಿಡವನ್ನು ಒಳಗಿನಿಂದ ತಿನ್ನುತ್ತದೆ. ಎಲೆ ಹಳದಿಯಾಗಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಗಿಡ ಕೀಳುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಹುಳು ಹತ್ತಿದ ಗಿಡಗಳನ್ನು ಪ್ರತಿ ವರ್ಷ ಕಿತ್ತು ಸುಡುತ್ತಿದ್ದೇವೆ. ಬೇಸತ್ತವರು ಅರೇಬಿಕಾ ಬಿಟ್ಟು ರೊಬಸ್ಟಾ ನೆಡುತ್ತಿದ್ದಾರೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು; ಆ ಹೆಸರಿನ ಕೆಳಗೆ ಮಾರಲು ಗಿಡವೇ ಉಳಿಯದಿದ್ದರೆ ಮಾನ್ಯತೆ ಯಾತಕ್ಕೆ? ಬೋರರ್ ತಡೆಯುವ, ರುಚಿ ಕೆಡದ ಅರೇಬಿಕಾ ತಳಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ಅದಕ್ಕೆ ಹತ್ತಿಪ್ಪತ್ತು ವರ್ಷದ ತಾಳ್ಮೆ ಬೇಕು, ಲಾಭ ನೋಡದ ಹಣ ಬೇಕು, ಬಾಳೆಹೊನ್ನೂರಿನಲ್ಲಿ ವಿಜ್ಞಾನಿಗಳ ಹುದ್ದೆಗಳು ಭರ್ತಿಯಾಗಿರಬೇಕು. ಈ ಸಲದ ಬೆಳೆಗಾರರ ಸಭೆಗಳಲ್ಲಿ ದೆಹಲಿಗೆ ಕಳಿಸುವ ಮನವಿ ಬರೆಯುವಾಗ, ಬೆಂಬಲ ಬೆಲೆಯ ಸಾಲನ್ನು ತೆಗೆದು ಅಲ್ಲಿ ಇದನ್ನು ಬರೆಯಿರಿ ಎಂದು ಕೈಮುಗಿದು ಕೇಳುತ್ತೇನೆ.